ಪಾರ್ಟಿಸಾನ್ ಫಿರಂಗಿಯ ಪುಟ್ಟ ಮಾಡೆಲ್: ಆಯ್ಕೆಯಿಂದ ಆಟದ ಮೇಜಿನವರೆಗೆ

ವಾರ್‌ಗೇಮಿಂಗ್‌ಗೆ ಹೊಸದಾಗಿ ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. ಎರಡನೇ ಮಹಾಯುದ್ಧದ ಯುಗೊಸ್ಲಾವ್ ಪಾರ್ಟಿಸಾನ್ (ದಾಳಿಕೋರರ ವಿರುದ್ಧ ಹೋರಾಡಿದ ಗೆರಿಲ್ಲಾಗಳ) ಪಡೆ ಕಟ್ಟುತ್ತಿದ್ದೇವೆ, ಬಂದೂಕು ಹಿಡಿದ ಗೊಂಬೆಗಳು ಸಿಕ್ಕವು, ಆದರೆ ಅವರ ಫಿರಂಗಿ ಎಲ್ಲಿ ಸಿಗುತ್ತದೆ? ಆ ಹೆಸರಿನ ಡಬ್ಬಿಗಾಗಿ ಹುಡುಕುತ್ತಾ ಕೂರಬೇಡಿ. ಪಾರ್ಟಿಸಾನ್‌ಗಳ ಕೈಯಲ್ಲಿದ್ದ ಫಿರಂಗಿಗಳು ಬೇರೆಯವರವು. ಶತ್ರುವಿನಿಂದ ಕಿತ್ತುಕೊಂಡವು, ಶರಣಾದ ಇಟಾಲಿಯನ್ ಸೈನ್ಯ ಬಿಟ್ಟುಹೋದವು, ಕೊನೆಗೆ ಮಿತ್ರರಾಷ್ಟ್ರಗಳು ಕಳಿಸಿಕೊಟ್ಟವು. ಹಾಗಾಗಿ ನೀವು ಕೊಳ್ಳಬೇಕಾದದ್ದು ಒಂದು ಇಟಾಲಿಯನ್ ಅಥವಾ ಅಮೆರಿಕನ್ ಫಿರಂಗಿ. ಅದನ್ನು ಪಾರ್ಟಿಸಾನ್ ಫಿರಂಗಿಯಾಗಿ ಮಾಡುವುದು ಅದರ ಸುತ್ತ ನಿಲ್ಲುವ ಜನ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು. ವಾರ್‌ಗೇಮಿಂಗ್ ಅಂದರೆ ಮೇಜಿನ ಮೇಲೆ ಪುಟ್ಟ ಗೊಂಬೆಗಳು, ದಾಳ ಮತ್ತು ಅಳತೆ ಪಟ್ಟಿ ಇಟ್ಟುಕೊಂಡು ಹಳೆಯ ಕದನಗಳನ್ನು ಆಡುವ ಹವ್ಯಾಸ. ಗೊಂಬೆಗಳನ್ನು ಮಿನಿಯೇಚರ್ ಅನ್ನುತ್ತಾರೆ. ಅವು ಬಣ್ಣವಿಲ್ಲದೆ, ಎಷ್ಟೋ ಸಲ ಬಿಡಿ ತುಂಡುಗಳಾಗಿ ಬರುತ್ತವೆ. ಜೋಡಿಸಿ ಬಣ್ಣ ಹಚ್ಚುವುದು ನಮ್ಮ ಕೆಲಸ.

ಏನೇನು ಬೇಕು

ಹರಿತವಾದ ಹವ್ಯಾಸದ ಚಾಕು, ಉಜ್ಜಲು ಸಣ್ಣ ಅರಗಳು, 400ನೇ ನಂಬರಿನ ಮರಳು ಕಾಗದ, ಫೆವಿಕ್ವಿಕ್, ಎರಡು ಟ್ಯೂಬಿನ ಅರಾಲ್ಡೈಟ್, ಎಂ-ಸೀಲ್, ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್, ಒಂದೆರಡು ಪೇಪರ್ ಕ್ಲಿಪ್. ಬಣ್ಣಕ್ಕೆ ಅಕ್ರಿಲಿಕ್ ಬೇಕು. ವಲ್ಲೆಹೊ, ಸಿಟಡೆಲ್‌ನಂಥ ಹವ್ಯಾಸದ ಬಣ್ಣಗಳು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಸ್ಟೇಷನರಿ ಅಂಗಡಿಯ ಆರ್ಟಿಸ್ಟ್ ಅಕ್ರಿಲಿಕ್ ಟ್ಯೂಬುಗಳೂ ನಡೆಯುತ್ತವೆ. ಪೋಸ್ಟರ್ ಕಲರ್ ಮಾತ್ರ ಬೇಡವೇ ಬೇಡ. ಅದು ಒಣಗಿದ ಮೇಲೂ ನೀರು ತಗುಲಿದರೆ ಕರಗುತ್ತದೆ. ಎರಡನೇ ಕೋಟ್ ಹಚ್ಚುವಾಗ ಮೊದಲನೆಯದು ಎದ್ದು ಬರುತ್ತದೆ.

ಹಂತ 1: ವರ್ಷ ಮತ್ತು ಜಾಗ ತೀರ್ಮಾನಿಸಿ

ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ಕೊಳ್ಳಲು ಹೋಗುತ್ತಾರೆ. ಆಮೇಲೆ 1942ರ ಪಡೆಗೆ 1944ರ ಫಿರಂಗಿ ಬಂದು ಕೂರುತ್ತದೆ. ದಯವಿಟ್ಟು ಒಂದು ಸಂಜೆ ಇದಕ್ಕಾಗಿಯೇ ಕೊಡಿ.

ಜರ್ಮನಿ ಮತ್ತು ಅದರ ಜೊತೆಗಾರರು ಯುಗೊಸ್ಲಾವಿಯಾದ ಮೇಲೆ ದಾಳಿ ಮಾಡಿದ್ದು 1941ರ ಏಪ್ರಿಲ್ 6ರಂದು. ಹನ್ನೊಂದೇ ದಿನಕ್ಕೆ ಅಲ್ಲಿನ ರಾಜಸೈನ್ಯ ಶರಣಾಯಿತು. ಅದೇ ವರ್ಷ ಕಮ್ಯುನಿಸ್ಟ್ ನಾಯಕ ಟಿಟೋ ನೇತೃತ್ವದಲ್ಲಿ ಪಾರ್ಟಿಸಾನ್ ಹೋರಾಟ ಶುರುವಾಯಿತು. ಅವರ ಮೊದಲ ಪ್ರೊಲಿಟೇರಿಯನ್ (ಅಂದರೆ ಕಾರ್ಮಿಕರ) ಬ್ರಿಗೇಡ್ ಡಿಸೆಂಬರ್ 21ರಂದು ರೂಡೊ ಎಂಬ ಊರಿನಲ್ಲಿ ಹುಟ್ಟಿತು. ಈ ಆರಂಭದ ದಿನಗಳ ಪಡೆ ಕಟ್ಟುವವರಿಗೆ ನನ್ನ ಸಲಹೆ ಇಷ್ಟೇ. ಫಿರಂಗಿ ಇಡದಿರಿ, ಇಟ್ಟರೂ ಒಂದೇ ಇಡಿ.

1943 ಬೇರೆಯದೇ ಕಥೆ. ಫೆಬ್ರವರಿಯಲ್ಲಿ ಪಾರ್ಟಿಸಾನ್‌ಗಳು ಬೋಸ್ನಿಯಾದ ಪ್ರೋಜೋರ್ ಪಟ್ಟಣವನ್ನು ಇಟಾಲಿಯನ್ನರಿಂದ ವಶಪಡಿಸಿಕೊಂಡರು. ಅಲ್ಲಿ ಫಿರಂಗಿಗಳೂ ಮದ್ದುಗುಂಡುಗಳೂ ಸಿಕ್ಕವು. ಆದರೆ ಮುಂದಿನ ತಿಂಗಳೇ, ಸಾವಿರಾರು ಗಾಯಾಳುಗಳನ್ನು ಹೊತ್ತುಕೊಂಡು ಯಾಬ್ಲನಿಟ್ಸಾ ಬಳಿ ನೆರೆಟ್ವಾ ನದಿ ದಾಟಬೇಕಾಗಿ ಬಂದಾಗ, ಸಾಗಿಸಲಾಗದ ಭಾರೀ ಶಸ್ತ್ರಗಳನ್ನು ತಾವೇ ನಾಶ ಮಾಡಿ ನದಿಗೆ ತಳ್ಳಿದರು. ಮೇ-ಜೂನ್‌ನ ಸುತ್ಯೆಸ್ಕಾ ಕದನದಲ್ಲೂ ಉಳಿದ ಭಾರೀ ಶಸ್ತ್ರಗಳನ್ನು ಹೂತಿಡಬೇಕಾಯಿತು. ಅಂದರೆ 1943ರ ಬೇಸಿಗೆಯ ಪಡೆಗೆ ಫಿರಂಗಿ ತೀರಾ ಅಪರೂಪ.

ಸೆಪ್ಟೆಂಬರ್ 8ರಂದು ಇಟಲಿಯ ಕದನವಿರಾಮ ಹೊರಬಿತ್ತು. ಕರಾವಳಿ ನಗರ ಸ್ಪ್ಲಿಟ್‌ನಂಥ ಕಡೆ ಪಾರ್ಟಿಸಾನ್‌ಗಳು ಇಟಾಲಿಯನ್ ತುಕಡಿಗಳ ಶಸ್ತ್ರ ಕಳಚಿಸಿದರು. ಸಾಮಾನು ರಾಶಿ ರಾಶಿ ಸಿಕ್ಕಿತು. ಇಟಾಲಿಯನ್ ಫಿರಂಗಿ ಇಡಲು ಇದೇ ತಕ್ಕ ಕಾಲ. 1944ರಲ್ಲಿ ಏಡ್ರಿಯಾಟಿಕ್ ಕಡಲಿನ ವಿಸ್ ದ್ವೀಪ ನೆಲೆಯಾಯಿತು. ಇಟಲಿಯಿಂದ ಮಿತ್ರರಾಷ್ಟ್ರಗಳ ಸರಬರಾಜು ಬರತೊಡಗಿತು. ಅಮೆರಿಕನ್ ಫಿರಂಗಿ, ಬ್ರಿಟಿಷ್ ಸಮವಸ್ತ್ರ ಎರಡೂ ಇಲ್ಲಿಂದ ಮುಂದಕ್ಕೆ ಸೇರಿದವು.

ಹಂತ 2: ಫಿರಂಗಿ ಆರಿಸಿ, ಅಳೆದು ನೋಡಿ

ನಾಲ್ಕರಲ್ಲಿ ಒಂದನ್ನು ಆರಿಸಿ.

ಮೊದಲನೆಯದು ಇಟಲಿಯ 47/32. ಮೂಲದಲ್ಲಿ ಆಸ್ಟ್ರಿಯಾದ ಬೋಲರ್ ಕಂಪನಿಯ ವಿನ್ಯಾಸ. ಟ್ಯಾಂಕ್ ಹೊಡೆಯಲೂ ಕಾಲಾಳಿಗೆ ನೆರವಾಗಲೂ ಬಳಸುತ್ತಿದ್ದರು. ತೂಕ ಸುಮಾರು 280 ಕೆಜಿ. ಗುರಾಣಿ ತಗಡು ಇಲ್ಲ. ಚಕ್ರ ಕಳಚಿ ನೆಲಕ್ಕೆ ಕೂರಿಸಿಯೂ ಹಾರಿಸಬಹುದಿತ್ತು. ಹೊಸಬರಿಗೆ ನಾನು ಹೇಳುವುದು ಇದನ್ನೇ. ಚಿಕ್ಕದು, ತುಂಡುಗಳು ಕಡಿಮೆ, ಜನ ಎಳೆದೊಯ್ಯುವಂತೆ ತೋರಿಸಿದರೂ ನಂಬುವ ಹಾಗಿರುತ್ತದೆ.

ಎರಡನೆಯದು 65/17, ಇಟಲಿಯ ಹಳೆಯ ಬೆಟ್ಟದ ಫಿರಂಗಿ. ಮರದ ಅರಗಳುಳ್ಳ ಚಕ್ರ, ಮೋಟು ನಳಿಗೆ, ಸುಮಾರು 560 ಕೆಜಿ ತೂಕ. ಬಿಚ್ಚಿ ಹೇಸರಗತ್ತೆಗಳ ಮೇಲೆ ಹೇರಬಹುದಾಗಿತ್ತು. ಗುರಾಣಿ ಇರುವ ಮಾಡೆಲ್ಲೂ ಇಲ್ಲದ್ದೂ ಎರಡೂ ಸರಿಯೇ. ನೋಡಲು ನನಗೆ ಇದೇ ಹೆಚ್ಚು ಇಷ್ಟ.

ಮೂರನೆಯದು 75/13. ಇದು ಸ್ಕೋಡಾ ಕಾರ್ಖಾನೆಯ ಮೊದಲ ಮಹಾಯುದ್ಧ ಕಾಲದ ಬೆಟ್ಟದ ಫಿರಂಗಿ. ಆ ಯುದ್ಧದ ಬಳಿಕ ಇಟಲಿಯ ಕೈಸೇರಿತು. ಮೊದಲ ಮಹಾಯುದ್ಧದ ಆಸ್ಟ್ರೋ-ಹಂಗೇರಿಯನ್ ಮಾಡೆಲ್‌ಗಳ ಪಟ್ಟಿಯಲ್ಲೂ ಹುಡುಕಿ, ಅಲ್ಲೂ ಸಿಗುತ್ತದೆ.

ನಾಲ್ಕನೆಯದು ಅಮೆರಿಕದ 75 ಮಿ.ಮೀ. ಎಂ1 ಪ್ಯಾಕ್ ಹೌವಿಟ್ಜರ್. ಹೌವಿಟ್ಜರ್ ಅಂದರೆ ಗುಂಡನ್ನು ಎತ್ತರಕ್ಕೆ ಹಾರಿಸಿ ಗುಡ್ಡದ ಆಚೆ ಬೀಳಿಸಬಲ್ಲ ಮೋಟು ಫಿರಂಗಿ. ‘ಪ್ಯಾಕ್’ ಅಂದರೆ ಬಿಚ್ಚಿ ಪ್ರಾಣಿಗಳ ಮೇಲೆ ಹೇರಬಹುದಾದದ್ದು. ತೂಕ ಸುಮಾರು 650 ಕೆಜಿ, ಗುಂಡು 8 ಕಿ.ಮೀ.ಗೂ ಆಚೆ ಹೋಗುತ್ತಿತ್ತು. ಎರಡು ಬಗೆಯ ಗಾಡಿಗಳ ಮೇಲೆ ಬರುತ್ತದೆ. ಎಂ1 ಗಾಡಿಗೆ ಮರದ ಚಕ್ರ, ಎಂ8 ಗಾಡಿಗೆ ಗಾಳಿ ತುಂಬಿದ ರಬ್ಬರ್ ಟೈರು. ಪ್ಯಾರಾಟ್ರೂಪರ್ ಸೆಟ್‌ಗಳಲ್ಲಿ ಸಿಗುವುದು ಸಾಮಾನ್ಯವಾಗಿ ಟೈರಿನದ್ದು.

ಇಟಾಲಿಯನ್ ಹೆಸರಿನಲ್ಲೇ ಒಂದು ಅಳತೆ ಅಡಗಿದೆ. 47/32 ಅಂದರೆ ನಳಿಗೆಯ ಬಾಯಿ 47 ಮಿ.ಮೀ., ಉದ್ದ ಆ ಬಾಯಿಯ 32 ಪಟ್ಟು. ಗುಣಿಸಿದರೆ 1504 ಮಿ.ಮೀ. ಇದನ್ನು ನಿಮ್ಮ ಸ್ಕೇಲಿನಿಂದ ಭಾಗಿಸಿ. ಸ್ಕೇಲ್ ಅಂದರೆ ನಿಜವಾದ ವಸ್ತುವನ್ನು ಎಷ್ಟು ಪಟ್ಟು ಕುಗ್ಗಿಸಿದ್ದಾರೆ ಅನ್ನುವ ಲೆಕ್ಕ. 28 ಮಿ.ಮೀ. ಗೊಂಬೆಗಳಿಗೆ ಸಾಮಾನ್ಯವಾಗಿ 1/56, 20 ಮಿ.ಮೀ. ಗೊಂಬೆಗಳಿಗೆ 1/72, 15 ಮಿ.ಮೀ.ಗೆ 1/100. ಆಗ 47/32ರ ನಳಿಗೆ 28ರಲ್ಲಿ ಸುಮಾರು 27 ಮಿ.ಮೀ., 20ರಲ್ಲಿ 21, 15ರಲ್ಲಿ 15 ಬರಬೇಕು. 65/17 ಆದರೆ 1105 ಮಿ.ಮೀ., ಅಂದರೆ 20, 15 ಮತ್ತು 11. ಹಿಂದಿನ ಬೀಗದ ಭಾಗ ಸೇರಿ ಎರಡು ಮೂರು ಮಿ.ಮೀ. ಜಾಸ್ತಿ ಇರಬಹುದು. ಐದಾರು ಮಿ.ಮೀ. ವ್ಯತ್ಯಾಸ ಬಂದರೆ ಅದು ಬೇರೆ ಸ್ಕೇಲಿನದ್ದು ಅಥವಾ ಬೇರೆ ಫಿರಂಗಿ. ಮಾರುವವರ ಹತ್ತಿರ ಅಳತೆ ಕೇಳಿಯೇ ದುಡ್ಡು ಕೊಡಿ.

ಎಚ್ಚರಿಕೆ: ‘ಟಿಟೋ ಗನ್’ ಅನ್ನುವ ಹೆಸರು ನೋಡಿ ಮೋಸ ಹೋಗಬೇಡಿ. ಅದು 76 ಮಿ.ಮೀ. ಎಂ48, ಯುದ್ಧ ಮುಗಿದ ಮೇಲೆ ಯುಗೊಸ್ಲಾವಿಯಾ ತಾನೇ ಮಾಡಿಕೊಂಡ ಬೆಟ್ಟದ ಫಿರಂಗಿ. ನಮ್ಮ ಭಾರತೀಯ ಸೇನೆಯೂ ಅದನ್ನು ಕೊಂಡು ಬಳಸಿತ್ತು. ಹಾಗಾಗಿ ಇಲ್ಲಿನವರಿಗೆ ಅದರ ಫೋಟೋ ಬೇಗ ಕಣ್ಣಿಗೆ ಬೀಳುತ್ತದೆ. ನಿಮ್ಮ ಪಾರ್ಟಿಸಾನ್ ಪಡೆಯ ಮೇಜಿನ ಮೇಲೆ ಅದಕ್ಕೆ ಜಾಗವಿಲ್ಲ.

ಹಂತ 3: ತರಿಸುವುದು ಅಥವಾ ಪ್ರಿಂಟ್ ಮಾಡಿಸುವುದು

ಲೋಹದ ಮಾಡೆಲ್‌ಗಳು ಹೆಚ್ಚಾಗಿ ವಿದೇಶದಿಂದಲೇ ಬರಬೇಕು. ಬೆಲೆ ನೋಡುವಾಗ ಅಂಚೆ ವೆಚ್ಚ ಮತ್ತು ಕಸ್ಟಮ್ಸ್ ಸುಂಕ ಸೇರಿಸಿಯೇ ಲೆಕ್ಕ ಹಾಕಿ. ಒಂದೇ ಫಿರಂಗಿಗಾಗಿ ತರಿಸುವುದಕ್ಕಿಂತ ಮೂರ್ನಾಲ್ಕು ಜನ ಸೇರಿ ಒಟ್ಟಿಗೆ ತರಿಸಿದರೆ ಹಗುರ.

ಇನ್ನೊಂದು ದಾರಿ 3ಡಿ ಪ್ರಿಂಟ್. ಮಾಡೆಲ್‌ನ ಕಂಪ್ಯೂಟರ್ ಫೈಲ್ ಕೊಂಡು, ಪ್ರಿಂಟ್ ಮಾಡಿಕೊಡುವವರ ಹತ್ತಿರ ಮಾಡಿಸಬಹುದು. ಫೈಲ್ 1/56ರದ್ದಾಗಿದ್ದು ನಿಮಗೆ 1/72 ಬೇಕಾದರೆ ಶೇ. 78ಕ್ಕೆ ಇಳಿಸಿ. 1/100ಕ್ಕೆ ಶೇ. 56. ಆದರೆ ಸುಮ್ನೆ ಇಳಿಸಿದರೆ ಸಾಲದು. ಗುರಾಣಿ ತಗಡು ನಿಜದಲ್ಲೇ ಕೆಲವು ಮಿ.ಮೀ. ದಪ್ಪ. ಅದನ್ನು ನೂರು ಪಟ್ಟು ಕುಗ್ಗಿಸಿದರೆ ಪ್ರಿಂಟರ್‌ಗೆ ಹಿಡಿಯುವುದೇ ಇಲ್ಲ. ತಗಡು, ಚಕ್ರದ ಅರ, ಹಿಡಿಕೆ ಇವುಗಳನ್ನು ಅರ್ಧ ಮಿ.ಮೀ.ಗಿಂತ ತೆಳ್ಳಗಾಗದಂತೆ ದಪ್ಪ ಮಾಡಿಸಿ. ಮನೆಯಲ್ಲೇ ರೆಸಿನ್ (ಬೆಳಕಿಗೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಪ್ರಿಂಟ್ ಮಾಡುವವರು ಕೈಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಗಟ್ಟಿಯಾಗದ ರೆಸಿನ್ನನ್ನು ಚರಂಡಿಗೆ ಚೆಲ್ಲಬೇಡಿ.

ಹಂತ 4: ಶುಚಿ ಮಾಡಿ ಜೋಡಿಸುವುದು

ಅಚ್ಚಿನ ಎರಡು ಭಾಗ ಸೇರುವಲ್ಲಿ ಮಾಡೆಲ್ ಮೇಲೆ ತೆಳ್ಳನೆಯ ಗೆರೆ ಉಳಿದಿರುತ್ತದೆ. ನಳಿಗೆಯ ಉದ್ದಕ್ಕೂ ಇದು ಇದ್ದೇ ಇರುತ್ತದೆ. ಅರದಿಂದ ತೆಗೆಯುವಾಗ ನಳಿಗೆಯನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಉಜ್ಜಿ. ಒಂದೇ ಕಡೆ ಉಜ್ಜಿದರೆ ದುಂಡಗಿರುವುದು ಚಪ್ಪಟೆಯಾಗುತ್ತದೆ, ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಹಳೆಯ ಲೋಹದ ಮಾಡೆಲ್‌ಗಳಲ್ಲಿ ಸೀಸ ಇರಬಹುದು. ಮಾಸ್ಕ್ ಹಾಕಿಕೊಳ್ಳಿ, ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ. ರೆಸಿನ್ ಆದರೆ ನೀರು ಹಾಕಿಕೊಂಡೇ ಉಜ್ಜಿ. ಎಲ್ಲ ಆದ ಮೇಲೆ ಪಾತ್ರೆ ಸೋಪಿನಲ್ಲಿ ಹಳೆಯ ಟೂತ್‌ಬ್ರಶ್ ಹಾಕಿ ತೊಳೆದು ಒಣಗಿಸಿ.

ಅಂಟು ಮುಟ್ಟುವ ಮುಂಚೆ ಎಲ್ಲ ತುಂಡುಗಳನ್ನೂ ಒಣದಾಗಿಯೇ ಜೋಡಿಸಿ ನೋಡಿ. ನಾಲ್ಕು ಬಿಂದುಗಳು ಸರಿಯಾಗಿ ಕೂರಬೇಕು: ಎರಡು ಚಕ್ರ, ಟ್ರೇಲ್, ನಳಿಗೆ. ಟ್ರೇಲ್ ಅಂದರೆ ಹಿಂದಕ್ಕೆ ಚಾಚಿ ನೆಲಕ್ಕೆ ಊರುವ ಕಾಲು. 65/17ಕ್ಕೂ ಎಂ1ಗೂ ಒಂದೇ ಟ್ರೇಲ್. 47/32ಕ್ಕೆ ಎರಡಾಗಿ ತೆರೆಯುವ ಟ್ರೇಲ್. ಹಾರಿಸುವಾಗ ತೆರೆದಿರುತ್ತದೆ, ಎಳೆಯುವಾಗ ಕೂಡಿರುತ್ತದೆ. ಟ್ರೇಲ್ ತೆರೆದಿಟ್ಟು, ಜನ ಹಗ್ಗ ಕಟ್ಟಿ ಎಳೆಯುತ್ತಿರುವಂತೆ ಮಾಡಿದ ಮಾಡೆಲ್ ಬಹಳ ನೋಡಿದ್ದೇನೆ. ಅದು ಆಗದ ಮಾತು.

ಲೋಹದ ನಳಿಗೆಯನ್ನು ಬರೀ ಫೆವಿಕ್ವಿಕ್‌ನಲ್ಲಿ ಅಂಟಿಸಿದರೆ ಮೊದಲ ಸಲ ಕೈ ತಗುಲಿದಾಗಲೇ ಉದುರುತ್ತದೆ. ಎರಡೂ ತುಂಡಿಗೆ ಸಣ್ಣ ತೂತು ಕೊರೆದು, ಪೇಪರ್ ಕ್ಲಿಪ್ಪಿನ ತುಂಡು ತೂರಿಸಿ, ಅರಾಲ್ಡೈಟ್ ಹಾಕಿ. ಇದಕ್ಕೆ ಪಿನ್ನಿಂಗ್ ಅನ್ನುತ್ತಾರೆ. ಸಂದುಗಳಿಗೆ ಎಂ-ಸೀಲ್ ಒತ್ತಿ ಒದ್ದೆ ಬೆರಳಿನಿಂದ ನಯ ಮಾಡಿ.

ಹಂತ 5: ಜನರೇ ಮುಖ್ಯ

ಇಲ್ಲಿ ಆತುರ ಮಾಡಬೇಡಿ. ಅದೇ ಫಿರಂಗಿ, ಅದೇ ಬಣ್ಣ. ಸುತ್ತ ನಿಂತವರನ್ನು ನೋಡಿ ‘ಇವರು ಪಾರ್ಟಿಸಾನ್‌ಗಳು’ ಅಂತ ಗುರುತಾಗಬೇಕು, ಅಲ್ವಾ?

ಇಟಾಲಿಯನ್ ಸೆಟ್‌ನ ಜೊತೆ ಬರುವ ಗೊಂಬೆಗಳ ಮೈ ಹಾಗೇ ಇಟ್ಟುಕೊಳ್ಳಬಹುದು. ಪಾರ್ಟಿಸಾನ್‌ಗಳು ಕಿತ್ತುಕೊಂಡ ಇಟಾಲಿಯನ್, ಜರ್ಮನ್ ಬಟ್ಟೆಗಳನ್ನೇ ತೊಡುತ್ತಿದ್ದರು. ಬದಲಿಸಬೇಕಾದದ್ದು ತಲೆ. ಬಿಡಿ ತಲೆಗಳ ಪ್ಯಾಕ್ ಸಿಗುತ್ತದೆ. ‘ಟಿಟೋವ್ಕಾ’ ಅಂದರೆ ಮುಂದೆ ಕೆಂಪು ನಕ್ಷತ್ರವಿರುವ ಮಡಚುವ ಟೋಪಿ. ಯುದ್ಧದ ನಡುಭಾಗದಿಂದ ಇದು ಹೆಚ್ಚಾಗಿ ಕಾಣುತ್ತದೆ. ಸ್ಲೊವೇನಿಯಾದವರಾದರೆ ಮೂರು ಕೋಡಿನ ‘ತ್ರಿಗ್ಲಾವ್ಕಾ’. 1941-42ಕ್ಕೆ ಹಳ್ಳಿಯ ಟೋಪಿ, ಹಳೆಯ ಸೈನ್ಯದ ಟೋಪಿ, ಬರಿದಲೆ ಎಲ್ಲವೂ ಬೆರೆತಿರಲಿ.

ನಾಲ್ಕು ಜನರ ತಂಡದಲ್ಲಿ ನಾಲ್ವರದ್ದೂ ಒಂದೇ ಉಡುಪು ಬೇಡ. ಒಬ್ಬರಿಗೆ ಇಟಾಲಿಯನ್ ಅಂಗಿ, ಇನ್ನೊಬ್ಬರಿಗೆ ರೈತರ ಕೋಟು, ಮತ್ತೊಬ್ಬರಿಗೆ ಜರ್ಮನ್ ಕೋಟಿನ ಕೆಳಗೆ ಮನೆಯ ಪ್ಯಾಂಟು. 1944ರ ನಂತರದ ಪಡೆಗೆ ಬ್ರಿಟಿಷ್ ಬ್ಯಾಟಲ್‌ಡ್ರೆಸ್ ಸಮವಸ್ತ್ರ ತೊಟ್ಟ ಮೈಗೆ ಟಿಟೋವ್ಕಾ ತಲೆ ಹಾಕಿದರೆ ಸಾಕು. ಹೆಂಗಸರನ್ನು ಮರೆಯಬೇಡಿ. ಪಾರ್ಟಿಸಾನ್ ಪಡೆಗಳಲ್ಲಿ ಸುಮಾರು ಒಂದು ಲಕ್ಷ ಹೆಂಗಸರು ಸೇವೆ ಮಾಡಿದರು. ಗಂಡಸರೇ ತುಂಬಿದ ಪಾರ್ಟಿಸಾನ್ ಪಡೆ ನೋಡಿದರೆ ನನಗೆ ಬೇಸರವಾಗುತ್ತದೆ. ಅವರು ಕೊಟ್ಟ ಬೆಲೆಗೆ ಮೇಜಿನ ಮೇಲೂ ಒಂದು ಗುರುತು ಇರಬೇಕು.

ತಲೆ ಬದಲಿಸುವ ಕೆಲಸ ಕಷ್ಟ ಅನ್ನಿಸಿದರೆ ಚರಿತ್ರೆಯಲ್ಲೇ ಒಂದು ಸುಲಭ ದಾರಿ ಇದೆ. ಕದನವಿರಾಮದ ಮೇಲೆ ಮಾಂಟೆನೆಗ್ರೊದಲ್ಲಿದ್ದ ಇಟಲಿಯ ವೆನೆಝಿಯಾ ಮತ್ತು ಟೌರಿನೆನ್ಸೆ ಡಿವಿಷನ್‌ಗಳ ಸೈನಿಕರು ಜರ್ಮನರ ವಿರುದ್ಧ ತಿರುಗಿಬಿದ್ದು ಪಾರ್ಟಿಸಾನ್‌ಗಳ ಜೊತೆ ಸೇರಿದರು. 1943ರ ಡಿಸೆಂಬರ್‌ನಲ್ಲಿ ಅವರದ್ದೇ ‘ಗರಿಬಾಲ್ಡಿ’ ಡಿವಿಷನ್ ರಚನೆಯಾಯಿತು. ಟೌರಿನೆನ್ಸೆ ಅಂದರೆ ಬೆಟ್ಟದ ಪಡೆ. ಅವರ ಫಿರಂಗಿದಳದವರೂ ಇದರಲ್ಲಿದ್ದರು. ಹಾಗಾಗಿ ಗರಿ ಸಿಕ್ಕಿಸಿದ ಟೋಪಿಯ ಆಲ್ಪಿನಿ (ಇಟಲಿಯ ಬೆಟ್ಟದ ಸೈನಿಕರ) ತಂಡ ಮತ್ತು 75/13 ಫಿರಂಗಿಯನ್ನು ಏನೂ ಬದಲಿಸದೆ ನಿಮ್ಮ ಪಾರ್ಟಿಸಾನ್ ಪಡೆಯಲ್ಲಿ ನಿಲ್ಲಿಸಬಹುದು.

ಹಂತ 6: ಪ್ರೈಮರ್

ಪ್ರೈಮರ್ ಅಂದರೆ ಬಣ್ಣ ಹಿಡಿಯಲು ಹಾಕುವ ಮೊದಲ ತೆಳು ಪದರ. ಕಾರಿನ ಬಣ್ಣದ ಅಂಗಡಿಯ ಬೂದು ಸ್ಪ್ರೇ ಪ್ರೈಮರ್ ಲೋಹಕ್ಕೆ ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಮೇಲೆ ಹೊಡೆಯುವ ಮುಂಚೆ ಮಾತ್ರ ಬೇಡದ ತುಂಡಿನ ಮೇಲೆ ಹೊಡೆದು ನೋಡಿ, ಕೆಲವು ಸ್ಪ್ರೇಗಳು ಪ್ಲಾಸ್ಟಿಕ್ಕನ್ನು ಕರಗಿಸುತ್ತವೆ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ, ಮಲೆನಾಡಿನವರು ಸ್ಪ್ರೇ ಬಿಟ್ಟು ಬ್ರಶ್ ಪ್ರೈಮರ್ ಬಳಸಿ. ಗಾಳಿಯ ತೇವಕ್ಕೆ ಸ್ಪ್ರೇ ಬಿಳಿಚಿಕೊಳ್ಳುತ್ತದೆ, ಮೇಲ್ಮೈ ತರಿತರಿಯಾಗುತ್ತದೆ. ಹಾಗಾದರೆ ಎಲ್ಲ ತೆಗೆದು ಮತ್ತೆ ಶುರು ಮಾಡಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಇನ್ನೊಂದು ತೊಂದರೆ. ಮಧ್ಯಾಹ್ನದ ಬಿಸಿಲಲ್ಲಿ ಸ್ಪ್ರೇ ಮಾಡೆಲ್ ಮುಟ್ಟುವ ಮುಂಚೆಯೇ ಗಾಳಿಯಲ್ಲಿ ಒಣಗುತ್ತದೆ. ಬೆಳಿಗ್ಗೆ ಬೇಗ ಹೊಡೆಯಿರಿ.

ಹಂತ 7: ಬಣ್ಣ

ಇಟಾಲಿಯನ್ ಫಿರಂಗಿಗೆ ಬೂದು ಮಿಶ್ರಿತ ಹಸಿರು. ಹಸಿರಿಗೆ ಬೂದು ಸೇರಿಸಿ, ಚೂರು ಕಂದು ಹಾಕಿ ಮಂಕು ಮಾಡಿ. ಅಮೆರಿಕನ್ ಫಿರಂಗಿಗೆ ಆಲಿವ್ ಡ್ರಾಬ್. ಯೆಲ್ಲೋ ಓಕರ್‌ಗೆ ಸ್ವಲ್ಪ ಸ್ವಲ್ಪವೇ ಕಪ್ಪು ಸೇರಿಸುತ್ತಾ ಹೋದರೆ ಆ ಮಂಕು ಹಸಿರು ತಾನಾಗಿಯೇ ಬರುತ್ತದೆ, ಹಸಿರು ಟ್ಯೂಬ್ ಮುಟ್ಟಬೇಕಿಲ್ಲ. ಬಣ್ಣಕ್ಕೆ ನೀರು ಸೇರಿಸಿ ತೆಳ್ಳಗೆ ಎರಡು ಮೂರು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಹಚ್ಚಿದರೆ ಮೊಳೆ, ತಿರುಪುಗಳೆಲ್ಲ ಮುಚ್ಚಿಹೋಗುತ್ತವೆ.

ಚೆನ್ನಾಗಿ ಒಣಗಿದ ಮೇಲೆ ವಾಶ್ ಕೊಡಿ. ವಾಶ್ ಅಂದರೆ ತುಂಬಾ ನೀರಾದ ಗಾಢ ಕಂದು ಬಣ್ಣ. ಅದು ಸಂದುಗಳಿಗೆ ಇಳಿದು ನೆರಳು ಕೊಡುತ್ತದೆ. ಗುರಾಣಿಯಂಥ ಚಪ್ಪಟೆ ಜಾಗದಲ್ಲಿ ನಿಂತರೆ ಕಲೆಯಾಗುತ್ತದೆ, ಒದ್ದೆ ಬ್ರಶ್‌ನಿಂದ ಹೀರಿ ತೆಗೆಯಿರಿ. ಆಮೇಲೆ ಡ್ರೈಬ್ರಶ್, ಅಂದರೆ ಬಣ್ಣವನ್ನು ಪೂರ್ತಿ ಒರೆಸಿದ ಬ್ರಶ್‌ನಿಂದ ಅಂಚುಗಳ ಮೇಲೆ ಹಗುರವಾಗಿ ಉಜ್ಜುವುದು. ಮರದ ಚಕ್ರವಿದ್ದರೆ ಅರಗಳ ಅಂಚಿನಲ್ಲಿ ಬಣ್ಣ ಸವೆದು ಮರ ಕಾಣುವಂತೆ ಒಂದೆರಡು ತಿಳಿ ಕಂದು ಗೆರೆ ಎಳೆಯಿರಿ. 65/17, 75/13 ಹತ್ತಾರು ವರ್ಷ ದುಡಿದ ಫಿರಂಗಿಗಳು, ಹೊಸದರಂತೆ ಹೊಳೆಯಬಾರದು.

ಫಿರಂಗಿಯ ತುಂಬಾ ಕೆಂಪು ನಕ್ಷತ್ರ ಬರೆಯುವ ಆಸೆ ಬೇಡ. ಕೆಂಪು ಟೋಪಿಯಲ್ಲಿದ್ದರೆ ಸಾಕು. ಒಂದು ಚುಕ್ಕೆಯಷ್ಟು ಗಾಢ ಕೆಂಪು, ಅದರ ಮೇಲೆ ಇನ್ನೂ ಸಣ್ಣ ಚುಕ್ಕೆ ತಿಳಿ ಕೆಂಪು.

ಹಂತ 8: ಬೇಸ್

ಬೇಸ್ ಅಂದರೆ ಮಾಡೆಲ್ ನಿಲ್ಲುವ ತಟ್ಟೆ. ಪ್ಯಾಕ್ ಹೌವಿಟ್ಜರ್ ನಿಜದಲ್ಲಿ 3.7 ಮೀಟರ್‌ನಷ್ಟು ಉದ್ದ. 1/56ರಲ್ಲಿ 66 ಮಿ.ಮೀ. ಆಗುತ್ತದೆ, 80 ಮಿ.ಮೀ. ಬೇಸ್ ಬೇಕು. 47/32ಕ್ಕೆ 60 ಸಾಕು. ನೀವು ಆಡುವ ನಿಯಮಗಳಲ್ಲಿ ಬೇಸ್ ಅಳತೆ ಹೇಳಿದ್ದರೆ ಅದನ್ನೇ ಪಾಲಿಸಿ. ಜನರನ್ನು ಫಿರಂಗಿಯ ಬೇಸ್‌ಗೆ ಅಂಟಿಸದೆ ಬೇರೆ ಸಣ್ಣ ಬೇಸ್‌ಗಳ ಮೇಲೆ ನಿಲ್ಲಿಸಿ. ಆಟದಲ್ಲಿ ಒಬ್ಬೊಬ್ಬರನ್ನೇ ತೆಗೆಯಬೇಕಾಗಿ ಬರುತ್ತದೆ.

ನೆಲ ಡಾಲ್ಮೇಶಿಯಾ, ಹರ್ಝೆಗೊವೀನಾ ಕಡೆಯದಾದರೆ ಬಿಳಿ-ಬೂದು ಸುಣ್ಣಕಲ್ಲು, ನಡುವೆ ಒಣಹುಲ್ಲು. ನಮ್ಮ ಕೆಂಪು ಮಣ್ಣಿನ ಬಣ್ಣ ಕೈಗೆ ಅಭ್ಯಾಸವಾಗಿರುತ್ತದೆ, ಅದನ್ನು ಹಚ್ಚಬೇಡಿ. ಫೆವಿಕಾಲ್ ಸವರಿ ಜರಡಿ ಹಿಡಿದ ಮರಳು ಉದುರಿಸಿ. ಒಡೆದ ಜಲ್ಲಿಯ ಚೂರುಗಳನ್ನು ಬಂಡೆಗಳಂತೆ ಇಡಿ, ತಿಳಿ ಬೂದು ಡ್ರೈಬ್ರಶ್ ಕೊಡಿ. ಮಧ್ಯ ಬೋಸ್ನಿಯಾ ಆದರೆ ಹಸಿರು ಜಾಸ್ತಿ, ಕಾಡಿನ ಎಲೆಯುದುರು ಇರಲಿ. ಜಾಗ ಉಳಿದರೆ ಒಂದು ಹೊರೆಕುದುರೆ ಸೇರಿಸಿ. ಬೋಸ್ನಿಯಾದ ಬೆಟ್ಟದ ಕುದುರೆ ಗಿಡ್ಡ. ಅಶ್ವದಳದ ಎತ್ತರದ ಕುದುರೆ ಹಾಕಿದರೆ ಹೊಂದುವುದಿಲ್ಲ. ಶೆಲ್‌ಗಳನ್ನು ರಾಶಿ ಹಾಕಬೇಡಿ. ಒಂದು ತೆರೆದ ಪೆಟ್ಟಿಗೆ, ಅದರಲ್ಲಿ ಮೂರು ನಾಲ್ಕು ಸಾಕು. ಕಸಿದ ಫಿರಂಗಿಗೆ ಹೊಂದುವ ಮದ್ದುಗುಂಡೂ ಕಸಿದೇ ಬರಬೇಕಿತ್ತು.

ಹಂತ 9: ಮೇಜಿನ ಮೇಲೆ

ಇದು ನನ್ನ ಸಲಹೆ, ನಿಯಮವಲ್ಲ. 1943ರ ಆಟದಲ್ಲಿ ಪಾರ್ಟಿಸಾನ್ ಫಿರಂಗಿಗೆ ಆರು ಗುಂಡು ಮಾತ್ರ ಕೊಡಿ. ಮುಗಿದ ಮೇಲೆ ಅದನ್ನು ಮೇಜಿನ ಅಂಚಿಗೆ ಎಳೆದೊಯ್ದು ಉಳಿಸಿಕೊಂಡರೆ ಪಾಯಿಂಟ್ ಸಿಗಲಿ, ಶತ್ರುವಿಗೆ ಬಿಟ್ಟರೆ ಪಾಯಿಂಟ್ ಹೋಗಲಿ. ಆಟಗಾರರು ಆಗ ಪ್ರತಿ ಗುಂಡಿಗೂ ಯೋಚಿಸುತ್ತಾರೆ. ಲಾರಿಯಲ್ಲಿ ಎಳೆಸುವುದು ಬೇಡ, ಜನ ಅಥವಾ ಪ್ರಾಣಿ ಎಳೆಯಲಿ. 1944ರ ಎಂ1 ಹೌವಿಟ್ಜರ್‌ಗೆ ಗುಂಡಿನ ಮಿತಿಯನ್ನು ಸಡಿಲ ಮಾಡಬಹುದು. ಕಣ್ಣಿಗೆ ಕಾಣದ ಗುರಿಗೆ ಹೊಡೆಯಬೇಕಾದರೆ ಮುಂದೆ ಒಬ್ಬ ವೀಕ್ಷಕನ ಗೊಂಬೆ ಇರಲೇಬೇಕು ಅಂತ ಇಟ್ಟುಕೊಳ್ಳಿ.

ಮೊದಲ ಆಟಕ್ಕೆ ಮುಂಚೆ ಮ್ಯಾಟ್ ವಾರ್ನಿಶ್ ಎರಡು ಕೋಟ್ ಹಚ್ಚಿ. ಮೇಜಿನ ಮೇಲೆ ಎಲ್ಲರೂ ಫಿರಂಗಿಯನ್ನು ನಳಿಗೆ ಹಿಡಿದೇ ಎತ್ತುತ್ತಾರೆ, ಬಣ್ಣ ಮೊದಲು ಹೋಗುವುದು ಅಲ್ಲೇ. ಸಾಗಿಸಲು ಬೇಸ್ ಕೆಳಗೆ ಮ್ಯಾಗ್ನೆಟ್ ಹಾಳೆ ಅಂಟಿಸಿ ಸ್ಟೀಲ್ ಡಬ್ಬಿಯಲ್ಲಿಡಿ. ಕೊಳ್ಳುವಾಗ ಒಂದು ಮ್ಯಾಗ್ನೆಟ್ ಜೊತೆಗೆ ಒಯ್ದು ಡಬ್ಬಿಗೆ ಮುಟ್ಟಿಸಿ ನೋಡಿ, ಕೆಲವು ಸ್ಟೀಲ್ ಡಬ್ಬಿಗಳಿಗೆ ಅದು ಹಿಡಿಯುವುದಿಲ್ಲ.